ಹೋಮಿ ಭಾಭಾ: ಅಣುಶಕ್ತಿ ತಂದವರೇ ಸುರಕ್ಷತೆಗೂ ಬುನಾದಿ ಹಾಕಿದರು

ಹೋಮಿ ಜಹಾಂಗೀರ್ ಭಾಭಾ ಎಂದರೆ ಭಾರತದ ಅಣುಶಕ್ತಿ ಕಾರ್ಯಕ್ರಮದ ಪಿತಾಮಹ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅಣು ಸ್ಥಾವರಗಳ ಸುತ್ತ ಬದುಕುವ ಜನರ ಸುರಕ್ಷತೆಗೆ ಅವರು ಹಾಕಿದ ಬುನಾದಿಯ ಬಗ್ಗೆ ತಿಳಿದವರು ಕಡಿಮೆ.

1909ರ ಅಕ್ಟೋಬರ್ 30ರಂದು ಮುಂಬೈನ ಪಾರ್ಸಿ ಕುಟುಂಬದಲ್ಲಿ ಜನಿಸಿದ ಭಾಭಾ, ಕೇಂಬ್ರಿಡ್ಜ್‌ನಲ್ಲಿ ಓದಿದರು. 1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಎರಡನೇ ಮಹಾಯುದ್ಧ ಶುರುವಾಯಿತು. ಹಿಂದಿರುಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಸರ್ ಸಿ.ವಿ. ರಾಮನ್ ಅವರಿದ್ದ ವಿಭಾಗದಲ್ಲಿ, ಆಕಾಶದಿಂದ ಬರುವ ವಿಶ್ವಕಿರಣಗಳ ಸಂಶೋಧನೆ ನಡೆಸಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಮೊದಲು ಆರಂಭವಾದದ್ದೂ ಬೆಂಗಳೂರಿನಲ್ಲೇ.

1948ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾದ ಅವರು, 1954ರಲ್ಲಿ ಮುಂಬೈ ಅಂಚಿನ ಟ್ರಾಂಬೆಯಲ್ಲಿ ಸಂಶೋಧನಾ ಕೇಂದ್ರ ಸ್ಥಾಪಿಸಿದರು. 1956ರ ಆಗಸ್ಟ್ 4ರಂದು ದೇಶದ ಮೊದಲ ರಿಯಾಕ್ಟರ್ 'ಅಪ್ಸರಾ' ಚಾಲನೆಗೊಂಡಿತು.

ಒಂದು ಕಡೆ ಮಹಾನಗರ, ಇನ್ನೊಂದು ಕಡೆ ಮೀನುಗಾರರು ಬಲೆ ಬೀಸುವ ಕೊಲ್ಲಿ. ಅಲ್ಲಿ ತಪ್ಪಿಗೆ ಅವಕಾಶವಿರಲಿಲ್ಲ. 1960ರ ಫೆಬ್ರವರಿಯಲ್ಲಿ ಭಾಭಾ ಸ್ಪಷ್ಟ ಆದೇಶ ಹೊರಡಿಸಿದರು. ವಿಕಿರಣ ಮೂಲಗಳಿಂದ ಸಿಬ್ಬಂದಿಗಾಗಲಿ, ಹೊರಗಿನವರಿಗಾಗಲಿ ಹಾನಿಯಾಗಬಾರದು. ಟ್ರಾಂಬೆಯ ಕ್ರಮ ದೇಶದ ಇತರ ಸಂಸ್ಥೆಗಳಿಗೂ ಮಾದರಿಯಾಗಬೇಕು ಎಂಬುದು ಅದರ ಸಾರ.

ಹೊರಗಿನವರಿಗೆ ಹಾನಿಯಿಲ್ಲ ಎಂದು ಹೇಳಲು ಲೆಕ್ಕ ಬೇಕು. ಚಿಮಣಿಯಿಂದ ಹೊರಬಿದ್ದದ್ದು ಎಷ್ಟು, ಗಾಳಿ ಯಾವ ದಿಕ್ಕಿಗೆ ಬೀಸಿತು, ಮಳೆ ಅದನ್ನು ಎಲ್ಲಿ ಇಳಿಸಿತು? ನೀರಿನಿಂದ ಮೀನಿಗೆ, ಹುಲ್ಲಿನಿಂದ ಹಾಲಿಗೆ ಸೇರಿದ್ದೆಷ್ಟು, ಜನ ತಿನ್ನುವುದೆಷ್ಟು? ಇವನ್ನೆಲ್ಲ ಕೂಡಿಸಿ ಒಬ್ಬ ವ್ಯಕ್ತಿಗೆ ತಗಲುವ ವಿಕಿರಣ ಪ್ರಮಾಣವನ್ನು ಅಂದಾಜಿಸಲಾಗುತ್ತದೆ. ಮೀನೇ ಮುಖ್ಯ ಆಹಾರವಾದ ಊರಿಗೂ ಅನ್ನ ಉಣ್ಣುವ ಊರಿಗೂ ಉತ್ತರ ಬೇರೆ. ಇಂದು ಭಾರತದಲ್ಲಿ ಸ್ಥಾವರಗಳಿಂದ ಸಾರ್ವಜನಿಕರಿಗೆ ತಗಲಬಹುದಾದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಪ್ರಕೃತಿಯಿಂದಲೇ ಬರುವ ವಿಕಿರಣದ ಜಾಗತಿಕ ಸರಾಸರಿ ಸುಮಾರು 2.4.

1966ರ ಜನವರಿ 24ರಂದು ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಬಳಿ ಏರ್ ಇಂಡಿಯಾ ವಿಮಾನ ಪತನಗೊಂಡು ಭಾಭಾ ಮೃತಪಟ್ಟರು. ಆಗ ಅವರಿಗೆ 56 ವರ್ಷ. 1969ರಲ್ಲಿ ಮಹಾರಾಷ್ಟ್ರದ ತಾರಾಪುರದಲ್ಲಿ ಅಣು ವಿದ್ಯುತ್ ಉತ್ಪಾದನೆ ಆರಂಭವಾದದ್ದನ್ನು ಅವರು ನೋಡಲಿಲ್ಲ.

ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ ಮೊಳಕೆ ತಡೆಯಲು ಬಳಸುವ ಗಾಮಾ ಕಿರಣ ಘಟಕದಿಂದ ಹಿಡಿದು ಉತ್ತರ ಕನ್ನಡದ ಕೈಗಾದವರೆಗೆ ಇಂದಿಗೂ ಸುರಕ್ಷತಾ ನಿಯಮ ಕಡ್ಡಾಯ. ಕೈಗಾದ ಪರಿಸರ ಸಮೀಕ್ಷಾ ಪ್ರಯೋಗಾಲಯ ಸುತ್ತಲಿನ ಗಾಳಿ, ನೀರು, ಆಹಾರದ ಮಾದರಿಗಳನ್ನು ನಿಯಮಿತವಾಗಿ ಪರೀಕ್ಷಿಸುತ್ತದೆ. ಕಾಳಿ ನದಿ ದಂಡೆಯ ಜನರಿಗೆ ಈ ಲೆಕ್ಕವೇ ಭರವಸೆಯ ಆಧಾರ.