ಸ್ಟೀರಿಯೋ ಧ್ವನಿಯ ಜನಕ ಬ್ಲಮ್ಲೀನ್

ಮಕ್ಕಳೇ, ಸಿಂಧನೂರಿನ ಟಾಕೀಸಿನಲ್ಲಿ ಸಿನಿಮಾ ನೋಡುವಾಗ ಪರದೆಯ ಮೇಲೆ ಬಸ್ಸು ಎಡದಿಂದ ಬಲಕ್ಕೆ ಓಡಿದರೆ, ಅದರ ಸದ್ದೂ ಜೊತೆಗೇ ಓಡುತ್ತದೆಯಲ್ಲವೇ? ಇದಕ್ಕೆ ದಾರಿ ಮಾಡಿಕೊಟ್ಟವರು ಅಲನ್ ಬ್ಲಮ್ಲೀನ್.

ಇವರು 1903ರ ಜೂನ್ 29ರಂದು ಲಂಡನ್ನಿನಲ್ಲಿ ಜನಿಸಿದರು. ಇಂಜಿನಿಯರ್ ಆದರು. ಆಗಿನ ಸಿನಿಮಾಗಳಲ್ಲಿ ನಟ ಪರದೆಯ ಯಾವ ತುದಿಯಲ್ಲಿದ್ದರೂ ಮಾತು ಒಂದೇ ಕಡೆಯಿಂದ ಬರುತ್ತಿತ್ತು. ನಮಗೆ ಕಿವಿ ಎರಡು. ಧ್ವನಿಯನ್ನೂ ಎರಡಾಗಿ ದಾಖಲಿಸಬೇಕೆಂದು ಯೋಚಿಸಿ, 1931ರಲ್ಲಿ ಸ್ಟೀರಿಯೋ ವಿಧಾನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು. ಎರಡೂ ಧ್ವನಿಗಳನ್ನು ಗ್ರಾಮಫೋನ್ ತಟ್ಟೆಯ ಒಂದೇ ಗೆರೆಯಲ್ಲಿ ಕೊರೆಯುವ ಉಪಾಯವೂ ಅದರಲ್ಲಿತ್ತು.

ಎರಡು ಧ್ವನಿಗಳ ಅಲೆಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಸದ್ದು ಬಲವಾಗುತ್ತದೆ. ಒಂದು ಏರುವಾಗ ಇನ್ನೊಂದು ಇಳಿದರೆ, ಕೂಡಿಸಿದಾಗ ಸದ್ದು ಅಳಿಸಿಹೋಗುತ್ತದೆ. ಆದ್ದರಿಂದಲೇ ಇಂದು ವಿಡಿಯೋ ಸಂಕಲನಕಾರರು ಕಂಪ್ಯೂಟರಿನಲ್ಲಿ ಒಂದು ಮಾಪಕವನ್ನು ಗಮನಿಸುತ್ತಾರೆ. ಮುಳ್ಳು +1ರ ಕಡೆಗಿದ್ದರೆ ಸರಿ. -1ರ ಕಡೆಗೆ ಸರಿದರೆ ಒಂದೇ ಸ್ಪೀಕರ್ ಇರುವ ಮೊಬೈಲಿನಲ್ಲಿ ಮಾತು ಕ್ಷೀಣವಾಗಿ ಕೇಳಿಸೀತು!

ಎರಡನೇ ಮಹಾಯುದ್ಧದಲ್ಲಿ ಬ್ಲಮ್ಲೀನ್ ರೇಡಾರ್ ಕೆಲಸಕ್ಕೆ ನಿಂತರು. 1942ರ ಜೂನ್ 7ರಂದು, ಅದರ ಪರೀಕ್ಷೆಗೆ ಹಾರಿದ್ದ ವಿಮಾನ ಬಿದ್ದು ಮಡಿದರು. ಆಗ ವಯಸ್ಸು ಕೇವಲ 38. ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದದ್ದು 1950ರ ದಶಕದ ಕೊನೆಗೆ. ಅದನ್ನು ನೋಡಲು ಅವರಿರಲಿಲ್ಲ.

ಮಾಡಿ ನೋಡಿ: ಕಣ್ಣು ಮುಚ್ಚಿ, ಒಂದು ಕಿವಿಯನ್ನೂ ಮುಚ್ಚಿಕೊಳ್ಳಿ. ಗೆಳೆಯ ಚಪ್ಪಾಳೆ ತಟ್ಟಿದ ದಿಕ್ಕು ಯಾವುದು, ಹೇಳಬಲ್ಲಿರಾ?