ಕಂಪನದ ಅಳತೆಗಾರ ಮೆರ್ಕಾಲಿ

ಭೂಕಂಪವಾಯಿತೆಂದು ಕೇಳಿದೊಡನೆ ನಾವು ವಿಚಾರಿಸುವುದು, ರಿಕ್ಟರ್ ಮಾಪಕದಲ್ಲಿ ಅದೆಷ್ಟು ಎಂದು. ಆ ಅಂಕಿ ಭೂಗರ್ಭದಲ್ಲಿ ಹುಟ್ಟಿದ ಕಂಪದ ಗಾತ್ರವನ್ನು ತಿಳಿಸೀತು. ಯಾವ ಊರು ಎಷ್ಟು ನಡುಗಿತು, ಯಾರ ಮನೆ ಬಿದ್ದಿತು ಎಂಬುದನ್ನು ತಿಳಿಸದು. ಈ ಎರಡನೆಯ ಪ್ರಶ್ನೆಗಾಗಿ ಬಾಳನ್ನು ಸವೆಸಿದ ಉಪಾಧ್ಯಾಯರೊಬ್ಬರ ಕಥೆಯನ್ನು ನನ್ನ ಅಲ್ಪ ತಿಳಿವಳಿಕೆಗೆ ಎಟುಕಿದಷ್ಟು ಇಲ್ಲಿ ನಿವೇದಿಸುತ್ತೇನೆ.

ಜುಸೆಪ್ಪೆ ಮೆರ್ಕಾಲಿಯವರು 1850ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಜನಿಸಿದರು. ಕ್ರೈಸ್ತ ಪಾದ್ರಿಯಾಗಿ ದೀಕ್ಷೆ ಪಡೆದರು. ಆದರೆ ಭೂವಿಜ್ಞಾನಿ ಆಂಟೋನಿಯೊ ಸ್ಟೊಪ್ಪಾನಿಯವರ ಶಿಷ್ಯತ್ವದಿಂದ ಅವರ ಮನಸ್ಸು ಕಲ್ಲುಮಣ್ಣುಗಳತ್ತಲೂ ಒಲಿಯಿತು. ಪಾಠ ಹೇಳಿಯೇ ಜೀವನ ಸಾಗಿಸಿದರು. 1883ರ ಇಸ್ಕಿಯಾ ದ್ವೀಪದ ಭೂಕಂಪ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ ಅದನ್ನು ಕುರಿತು ಗ್ರಂಥ ಬರೆದರು. 1887ರ ಲಿಗುರಿಯಾ ಭೂಕಂಪವನ್ನೂ ಅಭ್ಯಸಿಸಿದರು.

ಆ ಕಾಲದ ವಿಧಾನ ಸರಳವಾದುದು. ಮಲಗಿದ್ದವರು ಎಚ್ಚರಗೊಂಡರೇ? ತೂಗುದೀಪ ಅಲುಗಾಡಿತೇ? ಗಿಲಾವು ಉದುರಿತೇ, ಗೋಡೆ ಸೀಳಿತೇ, ಇಲ್ಲವೇ ಮನೆಯೇ ಉರುಳಿತೇ? ಉತ್ತರಗಳನ್ನು ತೂಗಿ ಒಂದೊಂದು ಊರಿಗೆ ಒಂದೊಂದು ಅಂಕಿ ಕೊಡುವುದು. ಸಮಾನ ಅಂಕಿಯ ಊರುಗಳನ್ನು ಗೆರೆಯಿಂದ ಬಳಸಿದರೆ ಕಂಪನದ ನಕ್ಷೆ ಸಿದ್ಧವಾಗುತ್ತಿತ್ತು. ರೊಸ್ಸಿ ಮತ್ತು ಫೊರೆಲ್ ಎಂಬವರ ಹಳೆಯ ಮಾಪಕವನ್ನು ತಿದ್ದಿ, 1902ರಲ್ಲಿ ಮೆರ್ಕಾಲಿಯವರು ಹತ್ತು ಮೆಟ್ಟಿಲುಗಳ ಮಾಪಕವನ್ನು ರಚಿಸಿದರು. ಕಂಕಾನಿಯವರು ಅದನ್ನು ಹನ್ನೆರಡಕ್ಕೆ ಏರಿಸಿದರು. 1931ರಲ್ಲಿ ಅಮೆರಿಕದ ವುಡ್ ಮತ್ತು ನ್ಯೂಮನ್ ಪರಿಷ್ಕರಿಸಿದ ಮೇಲೂ ಅದು ಮೆರ್ಕಾಲಿಯವರ ಹೆಸರನ್ನೇ ಉಳಿಸಿಕೊಂಡಿತು.

1911ರಲ್ಲಿ ಅವರು ವೆಸೂವಿಯಸ್ ಜ್ವಾಲಾಮುಖಿಯ ವೀಕ್ಷಣಾಲಯದ ನಿರ್ದೇಶಕರಾದರು. 1914ರ ಮಾರ್ಚ್ 19ರಂದು ನೇಪಲ್ಸಿನ ತಮ್ಮ ಮನೆಗೆ ಬಿದ್ದ ಬೆಂಕಿಯಲ್ಲಿ ಮಡಿದರು. ಜ್ವಾಲಾಮುಖಿಯ ಮಗ್ಗುಲಲ್ಲಿ ಬಾಳಿದವರಿಗೆ ಮನೆಯೊಳಗಣ ಕಿಚ್ಚು ಮೃತ್ಯುವಾಯಿತು.

ಅವರ ಕಾಲದಲ್ಲಿ ಇಂಥ ನಕ್ಷೆಗೆ ವಾರಗಳು, ತಿಂಗಳುಗಳು ಹಿಡಿಯುತ್ತಿದ್ದವು. ಇಂದು ಅಮೆರಿಕದ ಭೂವೈಜ್ಞಾನಿಕ ಸಂಸ್ಥೆಯ ಗಣಕಯಂತ್ರಗಳು ಕಂಪನಮಾಪಕಗಳ ದಾಖಲೆಯನ್ನು ಕೂಡಿಸಿ, ಮಾಪಕವಿಲ್ಲದ ಕಡೆ ದೂರವನ್ನೂ ನೆಲದ ಗುಣವನ್ನೂ ಲೆಕ್ಕಹಾಕಿ, ಕೆಲವೇ ನಿಮಿಷಗಳಲ್ಲಿ ಬಣ್ಣದ ನಕ್ಷೆ ಬಿಡಿಸುತ್ತವೆ. ಆ ಬಣ್ಣಗಳು ಸೂಚಿಸುವುದು ಮೆರ್ಕಾಲಿ ಮೆಟ್ಟಿಲುಗಳನ್ನೇ. 2007ರಿಂದ ನಡೆದುಬಂದ ವ್ಯವಸ್ಥೆಯೊಂದು ಆ ನಕ್ಷೆಯ ಮೇಲೆ ಜನಸಂಖ್ಯೆಯನ್ನೂ ಮನೆಗಳ ಬಗೆಯನ್ನೂ ಹೊಂದಿಸಿ, ಸುಮಾರು ಅರ್ಧ ಗಂಟೆಯಲ್ಲಿ ಸಾವುನೋವಿನ ಅಂದಾಜು ಕೊಡುತ್ತದೆ. ದೂರವಾಣಿ ಕಡಿದುಹೋದ ಊರಿನ ಗೋಳು ಹೊರಗೆ ತಲಪುವ ಮುನ್ನವೇ ನೆರವಿನವರು ಹೊರಡಬಹುದು.

ಇದನ್ನೆಲ್ಲ ನಾನು ಓದಿದ್ದಕ್ಕೆ ಕಾರಣವುಂಟು. ನಮ್ಮದು ಬೀದರ ಜಿಲ್ಲೆ; ತಂದೆ ಗೌಂಡಿ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾದಾಗ ಅವರಿನ್ನೂ ಹುಡುಗ. ದೊಡ್ಡವರ ಜೊತೆ ಕಲ್ಲು ಸರಿಸಲು ಹೋಗಿದ್ದರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಇವೇ ಮಲಗಿದ್ದ ಸಾವಿರಾರು ಜನರಿಗೆ ಸಮಾಧಿಯಾದವು. ಬಿರುಕು ಕಂಡೊಡನೆ ಗೋಡೆಯ ರೋಗ ಹೇಳುವ ವಿದ್ಯೆ ಅವರಿಗೆ ಅನಂತರ ಕೈವಶವಾಯಿತು.

ಕಳೆದ ರಜೆಯಲ್ಲಿ ಈ ನಕ್ಷೆಗಳ ಸಂಗತಿಯನ್ನು ಅವರಿಗೆ ವಿವರಿಸಿದೆ. ಅವರು ಬೆರಗಾಗಲಿಲ್ಲ. ಗೋಡೆಗೆ ಹಾಕಿದ್ದು ಮಣ್ಣೋ ಸಿಮೆಂಟೋ ಎಂಬುದು ಆ ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅದು ಯಾರೋ ಮನೆಗಳನ್ನು ಕಂಡು ಬರೆದಿಟ್ಟರಷ್ಟೇ ಗೊತ್ತಾಗುವುದು. ಲೆಕ್ಕ ಒರಟಾದರೆ ಅಂದಾಜೂ ಒರಟಾಗುವುದು. ಮೆರ್ಕಾಲಿಯವರು ನಂಬಿದ್ದ ಕೆಲಸವೂ ಕಂಡು ಬರೆಯುವುದೇ ಆಗಿತ್ತು. ಮುಂದಿನ ರಜೆಯಲ್ಲಿ ತಂದೆಯನ್ನು ಜೊತೆಗೆ ಕರೆದುಕೊಂಡು ನಮ್ಮೂರಿನ ಗೋಡೆಗಳನ್ನು ಒಂದೊಂದಾಗಿ ಬರೆದಿಡಬೇಕೆಂದಿದ್ದೇನೆ. ಬಿರುಕುಗಳನ್ನು ಓದಿ ಹೇಳುವವರು ಅವರು. ಬರೆದುಕೊಳ್ಳುವುದಷ್ಟೇ ನನ್ನ ಪಾಲಿನದು.