ಬೂಟು ಹೊಲಿದ ಕೈಯ ವಿದ್ಯುತ್ಕಾಂತ

ರಿಲೇ, ಕಾಂಟ್ಯಾಕ್ಟರ್, ಕರೆಗಂಟೆ, ಮೋಟರ್. ನಮ್ಮ ಲ್ಯಾಬಿನಲ್ಲಿ ದಿನಾ ಕಾಣುವ ಇವೆಲ್ಲದರ ಒಳಗೂ ಇರೋದು ಕಬ್ಬಿಣಕ್ಕೆ ಸುತ್ತಿದ ತಂತಿ. ಹೀಗೆ ತಂತಿ ಸುತ್ತಿದ ಕಬ್ಬಿಣದಿಂದ ಮೊದಲು ಭಾರ ಎತ್ತಿ ತೋರಿಸಿದವರು ಯಾವ ಕಾಲೇಜಿನಲ್ಲೂ ಓದಿರಲಿಲ್ಲ. ಅವರು ಬೂಟು ಹೊಲಿಯುತ್ತಿದ್ದ ವಿಲಿಯಂ ಸ್ಟರ್ಜನ್.

ಸ್ಟರ್ಜನ್ ಹುಟ್ಟಿದ್ದು 1783ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ವಿಟ್ಟಿಂಗ್‌ಟನ್ ಎಂಬ ಹಳ್ಳಿಯಲ್ಲಿ. ತಂದೆಯದು ಬೂಟು ಹೊಲಿಯುವ ಕೆಲಸ. ಮಗನನ್ನೂ ಅದೇ ಕೆಲಸ ಕಲಿಯಲು ಒಬ್ಬ ಯಜಮಾನನ ಹತ್ತಿರ ಬಿಟ್ಟರು. ಅಲ್ಲಿ ಹುಡುಗನಿಗೆ ಸುಖವಿರಲಿಲ್ಲ. 1802ರಲ್ಲಿ ಅವರು ಮಿಲಿಷಿಯಾ ಸೇರಿದರು, ಎರಡು ವರ್ಷದ ಮೇಲೆ ಫಿರಂಗಿ ದಳಕ್ಕೆ ಹೋದರು. ನ್ಯೂಫೌಂಡ್‌ಲ್ಯಾಂಡಿನಲ್ಲಿದ್ದಾಗ ಬಂದ ಒಂದು ದೊಡ್ಡ ಗುಡುಗು-ಮಿಂಚಿನ ಮಳೆ ಅವರ ತಲೆಗೆ ಹುಳ ಬಿಟ್ಟಿತು. ಈ ಮಿಂಚು ಅಂದ್ರೆ ಏನು? ತಿಳಿಯಬೇಕಾದರೆ ಪುಸ್ತಕ ಓದಬೇಕು, ಪುಸ್ತಕಕ್ಕೆ ಗಣಿತ ಬೇಕು, ಲ್ಯಾಟಿನ್ ಬೇಕು. ಸಿಪಾಯಿ ಕೆಲಸ ಮುಗಿಸಿ ರಾತ್ರಿ ಕೂತು ಅವನ್ನೆಲ್ಲ ತಾವೇ ಕಲಿತರು.

1820ರಲ್ಲಿ ಸೈನ್ಯ ಬಿಟ್ಟು ವೂಲಿಚ್‌ನಲ್ಲಿ ಬೂಟಿನ ಅಂಗಡಿ ಇಟ್ಟರು. ಅದೇ ವರ್ಷ ಡೆನ್ಮಾರ್ಕಿನ ಅರ್ಸ್ಟೆಡ್, ಕರೆಂಟ್ ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುತ್ತದೆ ಅಂತ ತೋರಿಸಿದ್ದರು. ಹಗಲು ಚರ್ಮ ಹೊಲಿಯುತ್ತಿದ್ದ ಸ್ಟರ್ಜನ್ ಬಿಡುವಾದಾಗ ತಮ್ಮ ಕೈಯಾರೆ ಉಪಕರಣ ಮಾಡತೊಡಗಿದರು. ಬಸವನ ಬಾಗೇವಾಡಿ ಸೀಮೆಯ ನಮಗೆ ಇದು ಅಚ್ಚರಿ ಆಗಬಾರದು. ಕಾಯಕ ಮಾಡುವ ಕೈಗೂ ಜ್ಞಾನಕ್ಕೂ ನಡುವೆ ಗೋಡೆ ಇಲ್ಲ ಅನ್ನೋದನ್ನು ಶರಣ ಹರಳಯ್ಯನ ಕಥೆ ಕೇಳಿ ಬೆಳೆದವರು ನಾವು.

1824ರಲ್ಲಿ ಅವರಿಗೆ ಅಡಿಸ್ಕೂಂಬ್‌ನ ಈಸ್ಟ್ ಇಂಡಿಯಾ ಕಂಪನಿಯ ಮಿಲಿಟರಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ರಿಚರ್ಡ್ ಸ್ಯಾಂಕಿ ಮುಂದೆ ಓದಿದ್ದು ಇದೇ ಕಾಲೇಜಿನಲ್ಲಿ.

1825ರಲ್ಲಿ ಸ್ಟರ್ಜನ್ ತಮ್ಮ ವಿದ್ಯುತ್ಕಾಂತವನ್ನು ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಮುಂದೆ ಇಟ್ಟರು. ಕುದುರೆ ಲಾಳದ ಹಾಗೆ ಬಾಗಿಸಿದ ಸುಮಾರು 200 ಗ್ರಾಂ ಕಬ್ಬಿಣ, ಅದಕ್ಕೆ ವಾರ್ನಿಷ್ ಲೇಪ, ಮೇಲೆ ಬರಿಯ ತಾಮ್ರದ ತಂತಿ 18 ಸುತ್ತು. ಒಂದೇ ಸೆಲ್ಲಿನ ಕರೆಂಟ್ ಕೊಟ್ಟರೆ ಅದು 4 ಕೆ.ಜಿ. ಎತ್ತಿತು, ಅಂದ್ರೆ ತನ್ನ ತೂಕದ 20 ಪಟ್ಟು. ಕರೆಂಟ್ ತೆಗೆದರೆ ಭಾರ ಕೆಳಗೆ ಬಿತ್ತು. ನಮಗೆ ಮುಖ್ಯ ಅನಿಸೋದು ಈ ಬೀಳುವುದೇ. ಹಿಡಿಯೋ ಕಲ್ಲು ಜನರಿಗೆ ಮೊದಲೇ ಗೊತ್ತಿತ್ತು, ಹೇಳಿದಾಗ ಬಿಡೋ ಕಾಂತ ಸಿಕ್ಕಿದ್ದು ಆಗ.

ಆ ಬಿಡುವಿಕೆಯ ಬೆಲೆ ಕನ್ನೊಳ್ಳಿ ಕಡೆಯ ಹೊಲಗಳಲ್ಲಿ ಗೊತ್ತಾಗುತ್ತದೆ. ಬೋರ್‌ವೆಲ್ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲ್ ಕಬ್ಬಿಣದ ತುಂಡನ್ನು 'ಟಕ್' ಅಂತ ಎಳೆದು ಹಿಡಿಯುತ್ತದೆ, ಮೋಟರ್ ಓಡುತ್ತದೆ. ಕರೆಂಟ್ ಹೋದರೆ ಕೈ ಬಿಡುತ್ತದೆ. ಆಮೇಲೆ ನಡುರಾತ್ರಿ ಕರೆಂಟ್ ಬಂದರೂ ಯಾರಾದರೂ ಗುಂಡಿ ಒತ್ತುವ ತನಕ ಮೋಟರ್ ತಾನಾಗಿ ಶುರುವಾಗಲ್ಲ. ಪೈಪು ಬಿಚ್ಚಿ ರಿಪೇರಿ ಮಾಡ್ತಿದ್ದವರ ಜೀವ ಉಳಿಯೋದು ಇದರಿಂದಲೇ.

ಸ್ಟರ್ಜನ್ ಅವರದು ಬರಿಯ ತಂತಿ, ಸುತ್ತಿಗೆ ಸುತ್ತು ತಾಗಬಾರದು. ಹಾಗಾಗಿ ಜಾಸ್ತಿ ಸುತ್ತಲು ಆಗಲಿಲ್ಲ. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆ ಹೊದಿಸಿ ಪದರದ ಮೇಲೆ ಪದರ ಸುತ್ತಿದರು. 1831ರ ಹೊತ್ತಿಗೆ ಅವರ ಕಾಂತ 900 ಕೆ.ಜಿ.ಗೂ ಹೆಚ್ಚು ಎತ್ತಿತು. ಸ್ಟರ್ಜನ್ ಸುಮ್ಮನೆ ಕೂರಲಿಲ್ಲ. 1832ರಲ್ಲಿ ಕಮ್ಯುಟೇಟರ್ ಇಟ್ಟು ಮೋಟರ್ ತಿರುಗಿಸಿದರು. 1836ರಲ್ಲಿ ವಿದ್ಯುತ್ತಿಗಾಗಿಯೇ ಒಂದು ಪತ್ರಿಕೆ ಶುರು ಮಾಡಿದರು. ಆಗಿನ್ನೂ ಹುಡುಗನಾಗಿದ್ದ ಜೇಮ್ಸ್ ಜೂಲ್ ಅವರ ಮೊದಲ ಬರಹಗಳು ಅಚ್ಚಾದದ್ದು ಅದರಲ್ಲೇ.

1840ರಲ್ಲಿ ಮ್ಯಾಂಚೆಸ್ಟರಿನ ವಿಜ್ಞಾನ ಪ್ರದರ್ಶನಾಲಯ ನೋಡಿಕೊಳ್ಳಲು ಹೋದರು. ಎರಡೇ ವರ್ಷದಲ್ಲಿ ಅದು ಮುಚ್ಚಿತು. ಆಮೇಲೆ ಊರೂರು ತಿರುಗಿ ಉಪನ್ಯಾಸ ಕೊಟ್ಟು ಹೊಟ್ಟೆ ಹೊರೆದರು. ಕೊನೆಗೆ ಸರ್ಕಾರ ವರ್ಷಕ್ಕೆ 50 ಪೌಂಡ್ ಪಿಂಚಣಿ ಕೊಟ್ಟಿತು. ಅದನ್ನು ಹೆಚ್ಚು ದಿನ ಉಣ್ಣಲಿಲ್ಲ, 1850ರ ಡಿಸೆಂಬರ್ 4ರಂದು ಪ್ರೆಸ್ಟ್‌ವಿಚ್‌ನಲ್ಲಿ ತೀರಿಕೊಂಡರು.

ಅವರ ಕೆಲಸ ನೋಡಬೇಕು ಅಂದ್ರೆ ನಮಗೆ ಲ್ಯಾಬ್ ಬೇಕಿಲ್ಲ. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಎರಡು-ಮೂರು ಮೀಟರ್ ಎನಾಮಲ್ ತಂತಿ ಕೇಳಿ. ನಾಲ್ಕಿಂಚಿನ ಕಬ್ಬಿಣದ ಮೊಳೆಗೆ ಒಂದೇ ದಿಕ್ಕಿನಲ್ಲಿ ಒತ್ತೊತ್ತಾಗಿ 80 ಸುತ್ತು ಸುತ್ತಿ. ಎರಡೂ ತುದಿಯ ಎನಾಮಲ್ ಕೆರೆದು ಒಂದೂವರೆ ವೋಲ್ಟಿನ ಸೆಲ್ಲಿಗೆ ಹಿಡಿಯಿರಿ. ತಂತಿ ಬಿಸಿಯಾಗುತ್ತದೆ, ಐದಾರು ಸೆಕೆಂಡ್ ಸಾಕು. ಮನೆಯ ಪ್ಲಗ್ಗಿಗೆ ಮಾತ್ರ ಇದನ್ನು ಯಾವತ್ತೂ ಹಚ್ಚಬೇಡಿ. ಗುಂಡುಪಿನ್ನುಗಳು ಮೊಳೆಗೆ ಹತ್ತಿಕೊಂಡಮೇಲೆ ತಂತಿ ತೆಗೆಯಿರಿ. ಪಿನ್ನುಗಳು ಉದುರುವುದನ್ನು ನೋಡಿ. ಒಂದೆರಡು ಉದುರದೆ ಉಳಿದರೆ, ಮೊಳೆಯಲ್ಲಿ ಸ್ವಲ್ಪ ಕಾಂತತ್ವ ಉಳಿದಿದೆ ಅಂತ ಅರ್ಥ. ಸ್ಟರ್ಜನ್ ಮೆದು ಕಬ್ಬಿಣವನ್ನೇ ಯಾಕೆ ಬಳಸಿದರು ಅನ್ನೋದಕ್ಕೆ ಉತ್ತರ ಅಲ್ಲೇ ಇದೆ.